ಏಳು ಇಂಚಿನ ಕಿಂಡಿ, ಮಂಚದಗಲ ಕೌದಿ

ಹಳೆಯ ಸೀರೆಗಳ ಗಂಟು ಇಲ್ಲದ ಮನೆ ನಮ್ಮ ಕಂಪ್ಲಿ ಸೀಮೆಯಲ್ಲಿ ಸಿಗುವುದು ಕಷ್ಟ. ಅಟ್ಟದ ಮೇಲೋ ಟ್ರಂಕಿನ ತಳದಲ್ಲೋ ಅದು ಇದ್ದೇ ಇರುತ್ತದೆ. ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ಮಗಳು ಹುಟ್ಟಿದಾಗ ಬಾಣಂತಿಗೆ ಉಡಿಸಿದ ಮೆತ್ತನೆಯ ನೂಲಿನ ಸೀರೆ. ಉಡಲು ಬಾರದು, ಎಸೆಯಲು ಮನಸ್ಸು ಬಾರದು. ಮೊದಲಾದರೆ ಸುಗ್ಗಿ ಮುಗಿದ ಮೇಲೆ ಊರೂರು ತಿರುಗುವ ಹೆಂಗಸರು ಬಾಗಿಲಿಗೆ ಬಂದು ‘ಕೌದಿ ಹೊಲಿಸ್ತೀರೇನ್ರಮ್ಮಾ’ ಎಂದು ಕೂಗುತ್ತಿದ್ದರು. ಪಡಸಾಲೆಯಲ್ಲಿ ಗಂಟು ಬಿಚ್ಚುತ್ತಿತ್ತು. ಎಂಟು-ಹತ್ತು ದಿನದಲ್ಲಿ ಆ ಸೀರೆಗಳೆಲ್ಲ ಒಂದರ ಮೇಲೊಂದು ಕೂತು, ಒಂದೇ ಹೊದಿಕೆಯಾಗಿ ಎದ್ದೇಳುತ್ತಿದ್ದವು. ಈಗ ಆ ಕೂಗು ಅಪರೂಪ. ಗಂಟು ಮಾತ್ರ ಅಲ್ಲೇ ಇದೆ. ಕೊನೆಗೊಂದು ದಿನ ಹಳೇ ಬಟ್ಟೆಗೆ ಪ್ಲಾಸ್ಟಿಕ್ ಬಕೀಟು ಕೊಡುವವನ ಗಾಡಿ ಏರಿ ಹೋಗುತ್ತದೆ.

ಇನ್ನೊಂದು ಕಡೆ ನೋಡಿ. ಕಾಲಿನಿಂದ ತುಳಿಯುವ ಕಪ್ಪು ಹೊಲಿಗೆ ಮಷಿನ್ ಇಲ್ಲದ ಓಣಿಯೂ ನಮ್ಮಲ್ಲಿ ಇಲ್ಲ. ತವರಿನವರು ಕೊಟ್ಟದ್ದು, ಸಂಘದ ಸಾಲದಲ್ಲಿ ತಂದದ್ದು, ಸರ್ಕಾರದ ಯಾವುದೋ ಯೋಜನೆಯಲ್ಲಿ ಬಂದದ್ದು. ಜಾಕೀಟು ಹೊಲಿದು, ಸೀರೆಗೆ ಫಾಲ್ ಹಚ್ಚಿ ನಾಲ್ಕು ಕಾಸು ನೋಡುತ್ತಿದ್ದ ಹೆಣ್ಣುಮಕ್ಕಳು ಸಿದ್ಧ ಉಡುಪಿನ ಅಂಗಡಿಗಳ ಮುಂದೆ ಸೋತು ಕೂತಿದ್ದಾರೆ. ನೈಟಿಯನ್ನೋ ಮಕ್ಕಳ ಚಡ್ಡಿಯನ್ನೋ ಅವರು ಹೊಲಿಯುವ ಕೂಲಿಗಿಂತ ಕಡಿಮೆಗೆ ಸಂತೆಯಲ್ಲಿ ಮಾರುತ್ತಾರೆ. ಆದರೆ ನಿಮ್ಮ ತಾಯಿಯ ಸೀರೆಯಿಂದ ಕೌದಿ ಮಾಡಿಕೊಡುವ ಕಾರ್ಖಾನೆ ಎಲ್ಲಿಯೂ ಇಲ್ಲ. ಅದಕ್ಕೆ ಬೇಕಾದ ಅರಿವೆ ನಿಮ್ಮ ಮನೆಯ ಟ್ರಂಕಿನಲ್ಲಿದೆ. ಬೇಕಾದ ಯಂತ್ರ ಎದುರು ಮನೆಯಲ್ಲಿದೆ. ಇವೆರಡೂ ಕೂಡಿಬರುತ್ತಿಲ್ಲ, ಅಷ್ಟೆ.

ಯಾಕೆ ಎಂದು ಹೊಲಿಯುವವರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ. ‘ಕೂಸಿನ ಕೌದಿ ಆದ್ರೆ ಹೊಲಿದು ಕೊಡ್ತೀನ್ರಿ ಸಾರ್. ಮಂಚದಗಲದ್ದು ಮಿಷಿನ್ನಾಗ ಹಿಡಿಯಲ್ರಿ.’

ಹಿಡಿಯುತ್ತದೆ ಎಂಬುದು ನನ್ನ ವಾದ. ವಿಜ್ಞಾನದ ಮೇಷ್ಟ್ರ ವಾದವಾದ್ದರಿಂದ ಸ್ವಲ್ಪ ಲೆಕ್ಕವೂ ಬರುತ್ತದೆ, ಓದುಗರು ಸಹಿಸಿಕೊಳ್ಳಬೇಕು.

ಎಪ್ಪತ್ತು ಸಾವಿರ ಹೊಲಿಗೆ

ಮೊದಲು ಕೈಕೆಲಸದ ಲೆಕ್ಕ ನೋಡೋಣ. ಇಬ್ಬರು ಮಲಗುವ ಮಂಚಕ್ಕೆ ನೂರು ಇಂಚು ಉದ್ದ, ತೊಂಬತ್ತು ಇಂಚು ಅಗಲದ ಕೌದಿ ಬೇಕೆನ್ನಿ. ಅರ್ಧ ಇಂಚಿಗೊಂದು ಸಾಲು ಹಾಕಿದರೆ ನೂರ ಎಂಬತ್ತು ಸಾಲು. ಒಟ್ಟು ಉದ್ದ 18,000 ಇಂಚು, ಅಂದರೆ 450 ಮೀಟರಿಗೂ ಹೆಚ್ಚು. ಹೈಸ್ಕೂಲು ಮೈದಾನದ ಓಟದ ಪಥಕ್ಕೆ ಒಂದು ಸುತ್ತು ಹಾಕಿದರೂ ನಾನೂರೇ ಮೀಟರು! ಇಂಚಿಗೆ ನಾಲ್ಕು ಹೊಲಿಗೆಯಂತೆ ಎಪ್ಪತ್ತೆರಡು ಸಾವಿರ ಸಲ ಸೂಜಿ ಏಳಬೇಕು, ಇಳಿಯಬೇಕು. ನೆಲದ ಮೇಲೆ ಕಾಲು ಚಾಚಿ, ಬೆನ್ನು ಬಗ್ಗಿಸಿ ಈ ಕೆಲಸ ಮಾಡಿದ ಬೆರಳುಗಳಿಗೆ ನಾವು ಕೊಟ್ಟ ಕೂಲಿ ಎಷ್ಟೆಂದು ಲೆಕ್ಕ ಹಾಕದಿರುವುದೇ ವಾಸಿ. ಆ ಹೆಂಗಸರ ಹೆಣ್ಣುಮಕ್ಕಳು ಈ ಕಸುಬು ಬೇಡವೆಂದರೆ ತಪ್ಪು ಹೇಗಾದೀತು?

ಕೈಹೊಲಿಗೆಗೆ ಅದರದೇ ಹೆಚ್ಚುಗಾರಿಕೆ ಇಲ್ಲವೆಂದಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ‘ಕವಂದಿ’ ಇಂದು ಹೊರದೇಶಗಳ ಪ್ರದರ್ಶನಗಳನ್ನೂ ಕಂಡಿದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಈ ಕವಂದಿಗಳ ಬಗ್ಗೆ ಅಧ್ಯಯನ ಮಾಡಿ ಬರೆದಿದ್ದಾರೆ. ಒಂದು ಮೂಲೆಯಿಂದ ಹೊರಟು, ಅಂಚನ್ನು ಸುತ್ತಿ ಸುತ್ತಿ ಒಳಕ್ಕೆ ಬರುತ್ತಾ ನಡುವಿನಲ್ಲಿ ಮುಗಿಸುವುದು ಸಿದ್ದಿಯರ ಪದ್ಧತಿ. ನಾಲ್ಕು ಮೂಲೆಗೆ ‘ಫುಲ’ ಎನ್ನುವ ಮುಕ್ಕೋನದ ತೇಪೆ ಕೂರದಿದ್ದರೆ ಅವರ ಪಾಲಿಗೆ ಕವಂದಿ ಪೂರ್ತಿಯಾದಂತಲ್ಲ. ಇತ್ತ ನಮ್ಮ ನೆರೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ತಯಾರಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಇವು ಕಲೆ. ಇವುಗಳಿಗೆ ಕಲೆಯ ಬೆಲೆಯೇ ಸಿಗಬೇಕು, ಇವನ್ನು ಮಷಿನ್‌ಗೆ ಕೊಡುವ ಮಾತಿಲ್ಲ. ನಾನು ಹೇಳುತ್ತಿರುವುದು ದಿನವೂ ಹಾಸಿ, ಹೊದ್ದು, ಮಕ್ಕಳು ಉಚ್ಚೆ ಹೊಯ್ದು, ಒಗೆದು ಒಣಗಿಸುವ ಮನೆಬಳಕೆಯ ಕೌದಿಯ ವಿಷಯ.

ಯಂತ್ರವೆಂದರೆ ಮೂಗು ಮುರಿಯುವವರಿಗೆ ಒಂದು ಮಾತು. ಯಂತ್ರಗಳ ಬಗ್ಗೆ ಅಷ್ಟೊಂದು ಆಕ್ಷೇಪವೆತ್ತಿದ ಗಾಂಧೀಜಿಯೇ 1924ರ ಒಂದು ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ಅಪವಾದವೆಂದು ಬದಿಗಿಟ್ಟರು. ಹೆಂಡತಿಯ ಕಷ್ಟ ನೋಡಲಾರದೆ ಸಿಂಗರ್ ಅದನ್ನು ಕಂಡುಹಿಡಿದನೆಂದು ಅವರು ನಂಬಿದ್ದರು. ಸಿಂಗರ್ ಮಹಾಶಯನ ಚರಿತ್ರೆ ಅಷ್ಟು ಸಾತ್ವಿಕವಾದುದಲ್ಲ, ಆತ ನೋಡಿದ್ದು ದುಡ್ಡನ್ನೇ. ಇರಲಿ, ಹೊಲಿಗೆ ಯಂತ್ರದ ಬಗ್ಗೆ ಗಾಂಧೀಜಿ ಕೊಟ್ಟ ತೀರ್ಪು ಸರಿಯಾಗಿಯೇ ಇತ್ತು.

ಎರಡು ದಾರದ ಗುಟ್ಟು

ಕೈಸೂಜಿಗೂ ಮಷಿನ್ ಸೂಜಿಗೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ತೋರಿಸಿದರೆ ಕಣ್ಣರಳಿಸುತ್ತಾರೆ. ಕೈಸೂಜಿಯ ಕಣ್ಣು ಹಿಂಬದಿಗೆ, ಮಷಿನ್ ಸೂಜಿಯ ಕಣ್ಣು ಮೊನೆಯ ಬಳಿ. ಸೂಜಿ ಬಟ್ಟೆಯನ್ನು ಪೂರ್ತಿ ದಾಟಿಹೋಗುವುದೇ ಇಲ್ಲ. ಮೊನೆಯಲ್ಲಿ ಮೇಲಿನ ದಾರವನ್ನು ಕೆಳಗೆ ಇಳಿಸಿ, ಕುಣಿಕೆ ಮಾಡಿ ಹಿಂದಿರುಗುತ್ತದೆ. ಆ ಕುಣಿಕೆಯೊಳಗೆ ಬಾಬಿನ್ನಿನ ದಾರ ತೂರುತ್ತದೆ. ಎರಡೂ ಬಟ್ಟೆಯ ಹೊಟ್ಟೆಯೊಳಗೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಈ ಬಗೆಯ ಹೊಲಿಗೆಗೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ. ಸಿಂಗರ್ 1851ರಲ್ಲಿ ಅದನ್ನು ಇನ್ನಷ್ಟು ಸುಧಾರಿಸಿದ. ನಮ್ಮ ದೇಶದಲ್ಲಿ 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ‘ಉಷಾ’ ಮಷಿನ್‌ಗಳು ತಯಾರಾಗತೊಡಗಿದವು. ಆ ಕಾಲದ ಮಷಿನ್‌ಗೂ ಇಂದು ನಮ್ಮ ಓಣಿಯಲ್ಲಿ ಓಡುತ್ತಿರುವುದಕ್ಕೂ ತತ್ವದಲ್ಲಿ ಏನೂ ಭೇದವಿಲ್ಲ.

ಕೌದಿಗೆ ಇದರಿಂದ ಏನಾಯಿತು? ಕೈಹೊಲಿಗೆಯ ಒಂಟಿ ದಾರ ಬಟ್ಟೆಯೊಡನೆ ಬಾಗುತ್ತದೆ, ಜಗ್ಗುತ್ತದೆ, ಆದ್ದರಿಂದ ಕೌದಿ ಮೆತ್ತಗೆ. ಮಷಿನ್ ಹೊಲಿಗೆ ಬಿಗಿ. ಸಾಲು ಒತ್ತೊತ್ತಾಗಿ ಹಾಕಿದರೆ ಕೌದಿ ಹಲಗೆಯಂತೆ ಸೆಟೆದುಕೊಳ್ಳುತ್ತದೆ. ಬೆಚ್ಚಗಿನ ಗುಣವೂ ಕಡಿಮೆಯಾಗುತ್ತದೆ. ಏಕೆಂದರೆ ನಮ್ಮನ್ನು ಬೆಚ್ಚಗಿಡುವುದು ಅರಿವೆಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಗಾಳಿ ಶಾಖವನ್ನು ಸುಲಭವಾಗಿ ದಾಟಿಸದು. ಹೊಲಿಗೆ ಬಿದ್ದ ಕಡೆಯೆಲ್ಲ ಆ ಗಾಳಿ ಹಿಂಡಿಹೋಗಿರುತ್ತದೆ. ಅದಕ್ಕೇ ಮಷಿನ್‌ನಲ್ಲಿ ಅರ್ಧ ಇಂಚಿಗೊಂದು ಸಾಲು ಬೇಡ, ಎರಡು ಇಂಚಿಗೊಂದು ಸಾಕು. ಆಗ ಸಾಲುಗಳು ಸುಮಾರು ನಲವತ್ತೈದು, ಉದ್ದ 115 ಮೀಟರು. ಕೆಲಸ ಕಾಲು ಭಾಗಕ್ಕೆ ಇಳಿಯಿತು.

ಇನ್ನೊಂದು ಎಚ್ಚರಿಕೆ. ಜಾಕೀಟಿಗೆ ಹಾಕುವ ಸಣ್ಣ ಹೊಲಿಗೆಯನ್ನು ಹಳೆಯ ಸೀರೆಗೆ ಹಾಕಬಾರದು. ಅಂಚೆಚೀಟಿಗಳ ನಡುವಿನ ತೂತಿನ ಸಾಲು ನೋಡಿದ್ದೀರಲ್ಲ? ಹರಿಯಲೆಂದೇ ಮಾಡಿದ ಸಾಲು ಅದು. ಜೀರ್ಣವಾದ ನೂಲಿನ ಮೇಲೆ ಇಂಚಿಗೆ ಹನ್ನೆರಡು ತೂತು ಬಿದ್ದರೆ ಅದೇ ಗತಿ. ಹೊಲಿಗೆ ಉದ್ದ ಮಾಡುವ ಹಿಡಿಯನ್ನು ಕೆಳಕ್ಕೆ ಒತ್ತಿ ಇಂಚಿಗೆ ಆರೇಳಕ್ಕೆ ಇಳಿಸಿಕೊಳ್ಳಬೇಕು. ಸವೆದ ಸೀರೆಗಳನ್ನು ಒಳಪದರಕ್ಕೆ ಹಾಕಿ, ಗಟ್ಟಿಯಾದುದನ್ನು ಮೇಲಕ್ಕೂ ಕೆಳಕ್ಕೂ ಇಡಬೇಕು. ಸೂಜಿ ಹದಿನಾರನೇ ನಂಬರಿನದು, ಅರಿವೆ ದಪ್ಪವಾದರೆ ಹದಿನೆಂಟು.

ಕಿಂಡಿಯ ಲೆಕ್ಕ

ಈಗ ನಿಜವಾದ ತಕರಾರಿಗೆ ಬರೋಣ. ಮಷಿನ್‌ನ ಸೂಜಿಗೂ ಬಲಗಡೆಯ ಕಂಬಕ್ಕೂ ನಡುವೆ ಇರುವ ಜಾಗ ಏಳು ಇಂಚಿನ ಆಸುಪಾಸು. ತೊಂಬತ್ತು ಇಂಚಿನ ಕೌದಿಯ ನಟ್ಟನಡುವೆ ಹೊಲಿಗೆ ಹಾಕಬೇಕಾದರೆ ಬಲಗಡೆಯ ನಲವತ್ತೈದು ಇಂಚು ಅರಿವೆ ಆ ಕಿಂಡಿಯೊಳಗೆ ಕೂರಬೇಕು. ಮುದುರಿ ತುರುಕಿದರೆ ಕೂರುವುದಿಲ್ಲ, ನಿಜ. ಜಮಖಾನ ಸುತ್ತಿದಂತೆ ಬಿಗಿಯಾಗಿ ಸುತ್ತಿದರೆ?

ಆರು ಪದರ ನೂಲಿನ ಸೀರೆ ಸಡಿಲವಾಗಿದ್ದಾಗ ಸುಮಾರು ಮೂರು ಮಿಲಿಮೀಟರ್ ದಪ್ಪವೆಂದು ಹಿಡಿಯಿರಿ. ನಲವತ್ತೈದು ಇಂಚನ್ನು ಸುತ್ತಿದರೆ ಸುರುಳಿಯ ಅಡ್ಡಳತೆ ಎರಡೂವರೆ ಇಂಚಿಗಿಂತ ತುಸು ಹೆಚ್ಚು, ಅಷ್ಟೇ! ಏಳು ಇಂಚಿನ ಕಿಂಡಿಯಲ್ಲಿ ಅದು ಕೂತು, ಕೈಯಾಡಿಸಲು ಜಾಗವೂ ಉಳಿಯುತ್ತದೆ. ಅರಿವೆಯ ಅಗಲ ಎರಡು ಪಟ್ಟಾದರೆ ಸುರುಳಿಯೂ ಎರಡು ಪಟ್ಟು ದಪ್ಪವಾಗುತ್ತದೆಂದು ನಮ್ಮ ಕಣ್ಣು ಹೆದರಿಸುತ್ತದೆ. ಹಾಗಾಗದು. ಸುರುಳಿಯ ಅಡ್ಡಳತೆ ಬೆಳೆಯುವುದು ಅಗಲದ ವರ್ಗಮೂಲದ ಲೆಕ್ಕದಲ್ಲಿ. ಎರಡು ಪಟ್ಟು ಅರಿವೆಗೆ ಒಂದೂ ಮುಕ್ಕಾಲಲ್ಲ, ಒಂದೂವರೆಯೂ ಅಲ್ಲ, 1.4 ಪಟ್ಟು ಮಾತ್ರ. ತೊಂಬತ್ತು ಇಂಚನ್ನು ಪೂರ್ತಿ ಸುತ್ತಿದರೂ ಸುರುಳಿ ನಾಲ್ಕು ಇಂಚಿನೊಳಗೇ. ಎಂಟನೆಯ ತರಗತಿಯ ವರ್ಗಮೂಲ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ಹುಡುಗರಿಗೆ ಈ ಲೆಕ್ಕ ಕೊಡಬಹುದು.

ಸುರುಳಿ ಬಿಚ್ಚದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿದರಾಯಿತು. ನೂರು ಇಂಚು ಉದ್ದದ ಆ ಸುರುಳಿ ಕಿಂಡಿಯೊಳಗೆ ಕೋಲಿನಂತೆ ಜಾರುತ್ತಾ ಹೋಗಬೇಕು. ಮೊದಲ ಸಾಲು ನಡುವೆ ಬೀಳಬೇಕು. ಆಮೇಲೆ ಬಲಕ್ಕೆ ಒಂದೊಂದೇ ಸಾಲು ಹಾಕಿದಂತೆ ಸುರುಳಿ ತೆಳ್ಳಗಾಗುತ್ತದೆ. ಬಲ ಮುಗಿದ ಮೇಲೆ ಕೌದಿಯನ್ನು ಬುಡ ಮೇಲಾಗಿ ತಿರುಗಿಸಿ ಉಳಿದರ್ಧ. ಹೀಗೆ ಯಾವಾಗಲೂ ಅರ್ಧಕ್ಕಿಂತ ಹೆಚ್ಚು ಅರಿವೆ ಕಿಂಡಿಗೆ ಹೋಗುವ ಪ್ರಮೇಯವೇ ಇಲ್ಲ.

ಸಿದ್ದಿಯರು ಅಂಚಿನಿಂದ ನಡುವಿಗೆ ಬರುತ್ತಾರೆ, ಮಷಿನ್ ನಡುವಿನಿಂದ ಅಂಚಿಗೆ ಹೋಗಬೇಕು. ಇದಕ್ಕೂ ಕಾರಣವಿದೆ. ನೆಲದ ಮೇಲೆ ಹರಡಿ ಕೈಯಲ್ಲಿ ಹೊಲಿಯುವಾಗ ಒಂದೊಂದು ಹೊಲಿಗೆಗೂ ಅಂಗೈ ಸವರಿ ಸುಕ್ಕು ಬಿಡಿಸಬಹುದು. ಮಷಿನ್‌ನಲ್ಲಿ ಆ ಸೌಲಭ್ಯವಿಲ್ಲ. ಕೆಳಗಿನ ಹಲ್ಲುಗಳು ಕೆಳಪದರವನ್ನು ಹಿಂದಕ್ಕೆ ಎಳೆಯುತ್ತವೆ, ಮೇಲೆ ಒತ್ತಿಹಿಡಿದ ಪಾದ ಮೇಲ್ಪದರವನ್ನು ಘರ್ಷಣೆಯಿಂದ ತಡೆಯುತ್ತದೆ. ಮೇಲಿನ ಅರಿವೆ ಹಾಸಿಗೆಯ ಚಾದರದಂತೆ ಮುಂದಕ್ಕೆ ಮುದುರಿ ಬರುತ್ತದೆ. ಈ ಸುಕ್ಕಿಗೆ ಹೊರಹೋಗಲು ದಾರಿ ಬೇಕು, ಅದು ತೆರೆದ ಅಂಚಿನ ಕಡೆಗೇ. ನಡುವಿನಲ್ಲಿ ಸಿಕ್ಕಿಹಾಕಿಕೊಂಡರೆ ಗಂಟಾಗಿ ಕೂತು, ಮಲಗಿದವರ ಬೆನ್ನಿಗೆ ಚುಚ್ಚುತ್ತದೆ. ಅಕ್ಕಪಕ್ಕದ ಸಾಲುಗಳನ್ನು ಒಂದು ಮೇಲಿನಿಂದ, ಒಂದು ಕೆಳಗಿನಿಂದ ಹಾಕುತ್ತಾ ಹೋದರೂ ಓರೆಯಾಗಿ ಸುಕ್ಕು ಏಳುತ್ತದೆ. ಎಲ್ಲವನ್ನೂ ಒಂದೇ ಅಂಚಿನಿಂದ ಶುರುಮಾಡುವುದು ಒಳ್ಳೆಯದು. ಪಾದದ ಒತ್ತಡ ಕಡಿಮೆ ಮಾಡಲು ಮಷಿನ್‌ನ ತಲೆಯ ಮೇಲಿರುವ ತಿರುಪನ್ನು ಒಂದೆರಡು ಸುತ್ತು ಸಡಿಲಿಸಬಹುದು.

ಇಷ್ಟೆಲ್ಲ ಮಾಡಿದರೂ ಕಚ್ಚಾ ಹೊಲಿಗೆಗೆ ಬದಲಿ ಇಲ್ಲ. ಸೀರೆಗಳನ್ನು ನೆಲಕ್ಕೆ ಬಿಗಿಯಾಗಿ ಹಾಸಿ, ಪದರ ಪದರ ಸವರಿ, ಗೇಣಿಗೊಂದರಂತೆ ದೊಡ್ಡ ದೊಡ್ಡ ಟಾಕು ಹಾಕಬೇಕು. ಮನೆಯ ಹಿರಿಯರ ಕೈ ಬೇಕಾಗುವುದು ಇಲ್ಲಿಯೇ. ಯಾವ ಸೀರೆ ಎಲ್ಲಿಗೆ, ಸೆರಗು ಯಾವ ಕಡೆಗೆ, ಖಣದ ತುಂಡು ಎಲ್ಲಿ ಕೂತರೆ ಅಂದ, ಇದನ್ನು ಮಷಿನ್ ಹೇಳಲಾರದು. ಬೆರಳು ಸೆಟೆದ ಅತ್ತೆ ಜೋಡಿಸಿ ಟಾಕು ಹಾಕಿಕೊಟ್ಟು, ಸೊಸೆ ತುಳಿದು ಮುಗಿಸಿದ ಕೌದಿಗಳನ್ನು ನಮ್ಮೂರಲ್ಲೇ ಕಂಡಿದ್ದೇನೆ. ಅವನ್ನು ‘ಮಷಿನ್ ಕೌದಿ’ ಎಂದು ಕೀಳಾಗಿ ಕಾಣುವವರಿಗೆ ಕೌದಿ ಎಂದರೇನೆಂದು ಗೊತ್ತಿಲ್ಲ ಎನ್ನಬೇಕಾಗುತ್ತದೆ.

ಮೂರು ಕಿಲೋ ಭಾರ

ಮಷಿನ್‌ನಲ್ಲಿ ದೊಡ್ಡ ಕೌದಿಯನ್ನು ಕೆಡಿಸುವುದು ಕಿಂಡಿಯಲ್ಲ, ಭಾರ. ಆರು ಪದರದ ಮಂಚದಗಲ ಕೌದಿ ಮೂರು ಕಿಲೋ ಆಸುಪಾಸು ತೂಗುತ್ತದೆ. ಅದು ಮೇಜಿನಿಂದ ಜೋತುಬಿದ್ದರೆ ಭೂಮಿ ತನ್ನ ಕೆಲಸ ತಾನು ಮಾಡುತ್ತದೆ. ಹಲ್ಲುಗಳ ಎಳೆತಕ್ಕಿಂತ ಜೋತುಬಿದ್ದ ಅರಿವೆಯ ಎಳೆತ ಹೆಚ್ಚಾಗಿ ಹೊಲಿಗೆ ಸಣ್ಣದಾಗುತ್ತದೆ, ಸೂಜಿ ಬಾಗುತ್ತದೆ, ಬಾಗಿದ ಸೂಜಿ ಕೆಳಗಿನ ಕಬ್ಬಿಣಕ್ಕೆ ಬಡಿದು ಟಣ್ಣನೆ ಮುರಿಯುತ್ತದೆ. ‘ಮಿಷಿನ್ನಾಗ ಹಿಡಿಯಲ್ರಿ’ ಎಂಬ ಮಾತು ಬಂದದ್ದು ಬಹುಶಃ ಈ ಮುರಿದ ಸೂಜಿಗಳಿಂದ.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ಮಷಿನ್‌ನ ಎಡಕ್ಕೊಂದು ಹೊರಸು, ಹಿಂದಕ್ಕೊಂದು ಮೇಜು ಅಥವಾ ತಲೆದಿಂಬು ಪೇರಿಸಿದ ಬೆಂಚು. ಅರಿವೆ ಎಲ್ಲಿಯೂ ಜೋತುಬೀಳಬಾರದು. ಮುಂದಿನ ಭಾಗವನ್ನು ಹೊಲಿಯುವವರು ಹೆಗಲ ಮೇಲೆ ಹಾಕಿಕೊಳ್ಳಬಹುದು. ಕೈಯಿಂದ ತಿರುಗಿಸುವ ಮಷಿನ್ ಈ ಕೆಲಸಕ್ಕೆ ಆಗದು, ಎರಡೂ ಕೈ ಅರಿವೆಯ ಮೇಲಿರಬೇಕು. ಕಾಲು ಮಷಿನ್ ಉತ್ತಮ. ಕರೆಂಟು ಹೋದರೂ ನಿಲ್ಲುವುದಿಲ್ಲ. ಒಂದು ವಿಷಯ ಮಾತ್ರ ನೆನಪಿರಲಿ: ಕೆಳಗಿನ ದೊಡ್ಡ ಗಾಲಿ ಮೇಲಿನ ಸಣ್ಣ ಗಾಲಿಗೆ ವೇಗ ಕೊಡುತ್ತದೆ, ಆದರೆ ವೇಗ ಹೆಚ್ಚಿದಷ್ಟು ಬಲ ಕುಗ್ಗುತ್ತದೆ. ಸೈಕಲ್ಲಿನ ಲೆಕ್ಕವೇ. ಸೀರೆಯಂಚುಗಳು ಒಟ್ಟು ಸೇರಿದ ದಪ್ಪ ಜಾಗದಲ್ಲಿ ಪಟ್ಟಿ ಜಾರಿ ಮಷಿನ್ ನಿಂತುಬಿಡುತ್ತದೆ. ಅಲ್ಲಿ ಜೋರಾಗಿ ತುಳಿಯದೆ ಮೇಲಿನ ಗಾಲಿಯನ್ನು ಕೈಯಿಂದಲೇ ತಿರುಗಿಸಿ ದಾಟಿಸಬೇಕು.

ಬಳ್ಳಾರಿಯ ಜೀನ್ಸ್ ತುಂಡುಗಳನ್ನು ಕೌದಿಯ ತಳಕ್ಕೆ ಹಾಕುವ ಉತ್ಸಾಹಿಗಳಿದ್ದಾರೆ. ಒಂದು ಪದರ ಜೀನ್ಸ್ ನಾಲ್ಕು ಪದರ ಸೀರೆಯಷ್ಟು ತೂಗುತ್ತದೆ. ಅಂಥದ್ದನ್ನೂ ಸೀರೆ ಸಿಕ್ಕದವರೂ ಇನ್ನೊಂದು ದಾರಿ ಹಿಡಿಯಬಹುದು. ಕೌದಿಯನ್ನು ಇಪ್ಪತ್ತೆರಡು-ಇಪ್ಪತ್ತಮೂರು ಇಂಚಿನ ನಾಲ್ಕು ಪಟ್ಟಿಗಳಾಗಿ ಬೇರೆ ಬೇರೆ ಹೊಲಿದು, ಆಮೇಲೆ ಎರಡೂ ಬದಿಗೆ ಬಣ್ಣದ ಪಟ್ಟಿ ಇಟ್ಟು ಕೂಡಿಸುವುದು. ಕೂಸಿನ ಕೌದಿ ಹೊಲಿಯಬಲ್ಲವರು ಇದನ್ನು ಖಂಡಿತ ಹೊಲಿಯಬಲ್ಲರು. ಕೂಡಿಸಿದ ಗೆರೆ ಕಾಣುತ್ತದೆ ಎಂಬುದೊಂದು ಕುಂದು. ಕೌದಿಯಲ್ಲಿ ಗೆರೆ ಕಂಡರೆ ಏನಾಯಿತು?

ಕೂಲಿ ಮತ್ತು ಸೀರೆ

ಕೌದಿಗೆ ಇಂದು ನಿಜವಾದ ಶತ್ರು ಮಷಿನ್ ಅಲ್ಲ, ಪಾಲಿಯೆಸ್ಟರು. ನಮ್ಮ ಹೆಂಗಸರು ಈಗ ಉಡುವ ಅಗ್ಗದ ಸೀರೆಗಳು ಬಹುಪಾಲು ಅದೇ. ಹತ್ತಿ ತನ್ನ ತೂಕದ ಶೇಕಡ 8ರಷ್ಟು ತೇವವನ್ನು ಸುಮ್ಮನೆ ಗಾಳಿಯಿಂದಲೇ ಹೀರಿಕೊಂಡಿರುತ್ತದೆ, ಪಾಲಿಯೆಸ್ಟರು ಅರ್ಧ ಶೇಕಡವೂ ಇಲ್ಲ. ಬೆವರು ಹೀರದ ಹಾಸಿಗೆ ನಮ್ಮ ಏಪ್ರಿಲ್-ಮೇ ತಿಂಗಳಲ್ಲಿ ಶಿಕ್ಷೆ. ಮೇಲಾಗಿ ಅದು ಮಷಿನ್‌ನ ಪಾದದಡಿಯಲ್ಲಿ ಮೀನಿನಂತೆ ಜಾರುತ್ತದೆ. ಟ್ರಂಕಿನಲ್ಲಿರುವ ನೂಲಿನ ಸೀರೆಗಳ ಗಂಟು ಎಷ್ಟು ಮನೆಗಳಲ್ಲಿ ಕೊನೆಯ ಗಂಟೋ ಏನೋ. ಅದಕ್ಕೇ ಅವಸರ ಎನ್ನುತ್ತಿದ್ದೇನೆ.

ಹೊಲಿಯುವ ತಾಯಂದಿರಿಗೆ ಒಂದು ಸಲಹೆ. ‘ಒಂದು ಕೌದಿಗೆ ಇಷ್ಟು’ ಎಂದು ಬೆಲೆ ಹೇಳಬೇಡಿ, ಚದರಡಿಯ ಲೆಕ್ಕದಲ್ಲಿ ಹೇಳಿ. ಕೂಸಿನ ಕೌದಿ ಮೂರಡಿ ಗುಣಿಸು ಮೂರಡಿಯಾದರೆ ಒಂಬತ್ತು ಚದರಡಿ. ಮಂಚದಗಲದ್ದು ಅರವತ್ತೆರಡೂವರೆ. ಏಳು ಪಟ್ಟು! ‘ಸ್ವಲ್ಪ ದೊಡ್ಡದು, ನೋಡಿ ಹಾಕ್ರಿ’ ಎನ್ನುವ ಗಿರಾಕಿಯ ಮಾತಿಗೆ ಎರಡು ಪಟ್ಟು ಕೂಲಿ ಪಡೆದು ಏಳು ಪಟ್ಟು ಕೆಲಸ ಮಾಡಿದರೆ ಮುಂದಿನ ಸಲ ಆ ಕೆಲಸ ಬೇಡವೆನಿಸುವುದು ಸಹಜ. ಹಾಸಿ ಟಾಕು ಹಾಕುವ ಹೊತ್ತನ್ನೂ ದಾರವನ್ನೂ ಬೇರೆಯಾಗಿ ಹಿಡಿಯಬೇಕು. 115 ಮೀಟರ್ ಸಾಲಿಗೆ ಮೇಲಿನದೂ ಬಾಬಿನ್ನಿನದೂ ಸೇರಿ ಮುನ್ನೂರು ಮೀಟರಿನಷ್ಟು ದಾರ ಹೋಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ದರ್ಜಿಯ ಕೆಲಸವೂ ಸೇರಿದೆ. ಸಲಕರಣೆಗೆ ಹದಿನೈದು ಸಾವಿರ ರೂಪಾಯಿಯವರೆಗೆ ನೆರವಿನ ಅವಕಾಶವಿದೆ. ತರಬೇತಿ ಕೊಡುವವರು ಜಾಕೀಟಿನ ಜೊತೆ ಒಂದು ದೊಡ್ಡ ಕೌದಿಯನ್ನೂ ಹೊಲಿಸಿದರೆ ಎಷ್ಟು ಚೆನ್ನ!

ಕೊನೆಯದಾಗಿ, ಹೊಲಿದ ಕೌದಿಯನ್ನು ಒಗೆಯುವ ವಿಚಾರ. ಮಹಾನವಮಿಯ ಮುಂಚೆ ಹಾಸಿಗೆ-ಹೊದಿಕೆಗಳನ್ನೆಲ್ಲ ಹೊಳೆಗೋ ಕಾಲುವೆಗೋ ಒಯ್ಯುವುದು ನಮ್ಮ ಕಡೆಯ ರೂಢಿ. ನೆನೆದ ಕೌದಿ ತನ್ನ ತೂಕದ ಎರಡು ಪಟ್ಟಾದರೂ ಆಗುತ್ತದೆ. ಅದನ್ನು ಒಂದು ತುದಿ ಹಿಡಿದು ಎತ್ತಿದರೆ ಆ ಭಾರವೆಲ್ಲ ಹೊಲಿಗೆಯ ಸಾಲಿನ ಮೇಲೆ ಬಿದ್ದು ದಾರ ಹರಿಯುತ್ತದೆ. ಇಬ್ಬರು ಸೇರಿ ಮಡಚಿ ಎತ್ತಬೇಕು. ಹಗ್ಗದ ಮೇಲೆ ನೇತುಹಾಕುವ ಬದಲು ಬಂಡೆಯ ಮೇಲೆ ಹರಡಿ ಒಣಗಿಸಬೇಕು. ತುಂಗಭದ್ರೆಯ ದಂಡೆಯಲ್ಲಿ ಬಂಡೆಗೆ ಬರವಿಲ್ಲ. ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿ, ದಾರ ಬಿಟ್ಟ ಕಡೆ ಎರಡೂ ತುದಿ ಗಂಟು ಹಾಕಿ, ಒಂದು ಗೇಣು ಹಿಂದಿನಿಂದ ಮತ್ತೆ ಹೊಲಿಗೆ ಓಡಿಸಬೇಕು. ಬಿಟ್ಟರೆ ಮಷಿನ್ ಹೊಲಿಗೆ ಅಲ್ಲಿಂದ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತಾ ಹೋಗಬಹುದು. ಈ ರಿಪೇರಿಗೆ ಮಷಿನ್ ಬೇಕೆಂದಿಲ್ಲ, ಕೈಸೂಜಿಯೇ ಸಾಕು.